ಪಕ್ಕದ ಪೋಸ್ಟರ್

ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲಾ, ಧಾರವಾಡದ ಕಡೆಯ ಒಂದು ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಆನರ್ಸ್ ಓದುತ್ತಿದ್ದಳು. ಬಹಳ ಜಾಣೆ... ಆದರೆ ಒಂದು ಕಡೆ ನಿಲ್ಲುವ ಹುಡುಗಿಯಲ್ಲ.

ಆನರ್ಸ್ ಮಕ್ಕಳ ವಾಟ್ಸಾಪ್ ಗ್ರೂಪ್‌ನಲ್ಲಿ ಬೆಳಗಾದರೆ ಸಾಕು, ಒಂದರ ಹಿಂದೊಂದು ಮೆಸೇಜ್. ಇಂಟರ್ನ್‌ಶಿಪ್, ವರ್ಕ್‌ಶಾಪ್, ಕ್ವಿಜ್, ಸಮ್ಮರ್ ಸ್ಕೂಲ್... ಎಲ್ಲದರಲ್ಲೂ ಇವಳ ಹೆಸರು ಇರಲೇಬೇಕು.

ಒಂದು ಕಿವಿಯಲ್ಲಿ ಆನ್‌ಲೈನ್ ಉಪನ್ಯಾಸ, ಇನ್ನೊಂದು ಕಿವಿಯಲ್ಲಿ ಎದುರಿಗೆ ನಿಂತ ಮೇಷ್ಟ್ರ ಪಾಠ. ಕೈಯಲ್ಲಿ ಅರ್ಧ ತಿಂದ ಚಪಾತಿ.

ಒಂದು ಅವಕಾಶ ತಪ್ಪಿದರೂ ಉಳಿದವರೆಲ್ಲ ಮುಂದೆ ಹೋಗಿಬಿಡುತ್ತಾರೆ ಎಂಬ ಭಯ. ಈ ವಯಸ್ಸಿನ ಮಕ್ಕಳಿಗೆ ಅದು ಸಹಜವೇ... ಬೈಯುವಂಥದ್ದೇನಲ್ಲ.

ಹಾಸ್ಟೆಲ್‌ನಲ್ಲಿ ಅವಳ ರೂಮ್‌ಮೇಟ್ ಮಹಾನಂದಾ. ಗದಗಿನ ಕಡೆಯ ಹಳ್ಳಿಯವಳು, ಫಿಸಿಕ್ಸ್ ಆನರ್ಸ್. ಮಾತು ಕಡಿಮೆ.

ನೀಲಾ ತನ್ನ ಪ್ರಾಜೆಕ್ಟ್ ಬಗ್ಗೆ ಹೇಳುತ್ತ ರೂಮಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರೆ, ಮಹಾನಂದಾ ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಅರ್ಥವಾಗದಿದ್ದರೆ ಬಿಡದೆ ಮತ್ತೆ ಕೇಳುತ್ತಿದ್ದಳು.

ಮಾರ್ಚ್‌ನಲ್ಲಿ ಪೋಸ್ಟರ್ ಸ್ಪರ್ಧೆ ಬಂತು.

ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಹಾಲ್‌ನಲ್ಲಿ ತೂಗುಹಾಕಿ, ಪಕ್ಕದಲ್ಲಿ ನಿಂತಿರಬೇಕು. ಜಡ್ಜ್‌ಗಳು ಬಂದಾಗ ವಿವರಿಸಬೇಕು. ಗೆದ್ದ ಒಬ್ಬರಿಗೆ ಮಾತ್ರ, ಬೇಸಿಗೆ ರಜೆಯಿಡೀ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುವ ಅವಕಾಶ.

ಇಬ್ಬರಿಗೂ ಅದು ಬೇಕಿತ್ತು. ನೀಲಾ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು... ಮಹಾನಂದಾ ಯಾರಿಗೂ ಹೇಳಿರಲಿಲ್ಲ.

ಇಬ್ಬರ ಪೋಸ್ಟರ್‌ಗಳಿಗೂ ಅಕ್ಕಪಕ್ಕವೇ ಜಾಗ ಸಿಕ್ಕಿತು. ಆದರೆ ಅದೇ ದಿನ ಇನ್ನೊಂದು ಕಟ್ಟಡದಲ್ಲಿ ಕ್ವಿಜ್ ಫೈನಲ್. ಅಲ್ಲೂ ನೀಲಾಳ ಹೆಸರಿತ್ತು.

ಜಡ್ಜ್‌ಗಳು ಬರುವುದು ಮಧ್ಯಾಹ್ನ, ಬೇಗ ಬಂದರೆ ಫೋನ್ ಮಾಡು, ಓಡಿ ಬರುತ್ತೇನೆ ಎಂದು ಹೇಳಿ ಹೊರಟೇಬಿಟ್ಟಳು.

"ಒಂದ ಕಡೆ ನಿಂತ್ರ ನಿನ್ನ ಕಾಲಿಗೆ ಬೇರು ಬಿಡ್ತಾವೇನವಾ?" ಎಂದು ಮಹಾನಂದಾ ನಕ್ಕಳು.

ಜಡ್ಜ್‌ಗಳು ಬೇಗನೇ ಬಂದರು...

ಮಹಾನಂದಾ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಕ್ವಿಜ್‌ನಲ್ಲಿ ಫೋನ್ ಆನ್ ಇಡುವಂತಿರಲಿಲ್ಲ.

ಮೂವರು ಜಡ್ಜ್‌ಗಳಲ್ಲಿ ಹಿರಿಯ ಮೇಡಂ ಒಬ್ಬರು ನೀಲಾಳ ಪೋಸ್ಟರ್ ಮುಂದೆ ನಿಂತು, ಇದು ಯಾರದು ಎಂದರು. ಯಾರೂ ಇಲ್ಲದ್ದನ್ನು ಕಂಡು ಮುಂದೆ ಹೆಜ್ಜೆ ಇಟ್ಟರು.

"ಬರ್ತಾಳ ಮೇಡಂ. ಅಲ್ಲೀತನಕ ನಾ ಹೇಳಲೇನ್ರಿ?" ಎಂದು ಮಹಾನಂದಾ ಕೇಳಿದಳು.

ಹೇಳಿದಳು. ಬಾಳೆಹಣ್ಣಿನ ಸಿಪ್ಪೆಯನ್ನು ಒಣಗಿಸಿ ಮಾಡಿದ ಪುಡಿ, ಬಟ್ಟೆಗೆ ಬಣ್ಣ ಹಾಕಿದ ನೀರನ್ನು ಹೇಗೆ ತಿಳಿಗೊಳಿಸುತ್ತದೆ ಎಂದು. ಮೊದಲ ಪ್ರಯೋಗ ಯಾಕೆ ಕೆಟ್ಟಿತು, ನೀಲಾ ಆಮೇಲೆ ಏನು ಬದಲಾಯಿಸಿದಳು ಎಂದು. ಪ್ರಶ್ನೆಗಳು ಬಂದವು. ಅವಕ್ಕೂ ಉತ್ತರ ಕೊಟ್ಟಳು.

ಕ್ವಿಜ್ ಮುಗಿಸಿ ನೀಲಾ ಏದುಸಿರು ಬಿಡುತ್ತ ಓಡಿ ಬಂದಾಗ, ತಾನೇ ಎಂದೋ ಆಡಿ ಮರೆತ ಮಾತುಗಳು ಗೆಳತಿಯ ಬಾಯಲ್ಲಿ ಕೇಳಿಸಿದವು. ಅವಳಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಒಬ್ಬ ಜಡ್ಜ್ ಗಡಿಯಾರ ನೋಡಿದರು. ಎರಡು ಪೋಸ್ಟರ್‌ಗಳಿಗೆ ಇಟ್ಟ ಸಮಯ ಇದೊಂದಕ್ಕೇ ಮುಗಿದಿತ್ತು. ಮುಂದಿನ ಸಾಲಿಗೆ ಹೋಗಬೇಕಿತ್ತು.

ಮೇಡಂ ನೀಲಾಳ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿನ್ನ ಕೆಲಸಾನ ಈಕಿ ಇಷ್ಟು ಛಲೋ ಹೇಳಿದ್ಲು. ಈಕೀದು ಏನಂತ ನೀ ಎರಡು ಮಾತಿನಾಗ ಹೇಳಿಬಿಡು."

ನೀಲಾ ಗೆಳತಿಯ ಮುಖ ನೋಡಿದಳು.

ತಿರುಗಿ ಪಕ್ಕದ ಪೋಸ್ಟರ್‌ನ ತಲೆಬರಹ ಓದಿದಳು. ಅವಳು ಓದುವುದನ್ನು ಎಲ್ಲರೂ ನೋಡಿದರು.

ಮಣ್ಣಿನ ಮೇಲ್ಛಾವಣಿಯ ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪಾಗಿರುವುದು ಹೇಗೆ... ಅದರ ಕೆಳಗೆ ಒಂದು ಫೋಟೋ. ಸ್ಟೂಲ್ ಹತ್ತಿದ ಹೆಂಗಸೊಬ್ಬರು ತೊಲೆಯ ಹತ್ತಿರ ಥರ್ಮಾಮೀಟರ್ ಹಿಡಿದು ನಿಂತಿದ್ದರು. ಅದು ಮಹಾನಂದಾಳ ಅವ್ವ.

ಕಳೆದ ಬೇಸಿಗೆಯಲ್ಲಿ, ರಜೆ ಶುರುವಾಗುವ ಮೊದಲು, ಆ ತಾಯಿ ದಿನವೂ ಫೋನಿನಲ್ಲಿ ಮನೆಯ ಬಿಸಿ ಎಷ್ಟಿದೆ ಎಂದು ಹೇಳುತ್ತಿದ್ದರು, ಮಗಳು ಬರೆದುಕೊಳ್ಳುತ್ತಿದ್ದಳು. ನೀಲಾ ಎದುರಿನ ಮಂಚದ ಮೇಲೇ ಇರುತ್ತಿದ್ದಳು. ಅದೇನು ಎಂದು ಒಂದು ದಿನವೂ ಕೇಳಿರಲಿಲ್ಲ.

ನೀಲಾಳ ಕಣ್ಣು ತುಂಬಿ ಬಂತು.

"ನನಗ ಗೊತ್ತಿಲ್ಲ ಮೇಡಂ. ಒಂದ ರೂಮಿನಾಗ ಇರ್ತೀವಿ... ನಾ ಯಾವತ್ತೂ ಕೇಳೇ ಇಲ್ಲ."

ಕೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು.

"ನೀವು ನನಗ ಕೊಟ್ಟಿದ್ದು ಆಕೀ ಟೈಮ್. ನನ್ನ ಹೆಸರು ತಗೀರಿ. ಆಕಿ ಹೇಳಲಿ."

ಸುಮ್ಮನಿರು ಎಂದು ಮಹಾನಂದಾ ಅವಳ ತೋಳು ಹಿಡಿದೆಳೆದಳು. ಜಡ್ಜ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ನೀಲಾಳ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದ ಪೋಸ್ಟರ್ ಮುಂದೆ ಬಂದು ನಿಂತರು.

ಮಹಾನಂದಾಳ ದನಿ ಮೊದಮೊದಲು ನಡುಗುತ್ತಿತ್ತು. ಅವ್ವನ ಫೋಟೋ ತೋರಿಸಿ ಮಾತಾಡತೊಡಗಿದ ಮೇಲೆ ನಡುಗಲಿಲ್ಲ.

ಸಂಜೆ ಗೆದ್ದವರೆಂದು ಮಹಾನಂದಾಳ ಹೆಸರನ್ನೇ ಕರೆದರು.

ನೀಲಾ ಚಪ್ಪಾಳೆ ತಟ್ಟಿದಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆಯಿತು... ಆದರೂ ತಟ್ಟಿದಳು.

ಹಾಲ್ ಖಾಲಿಯಾಯಿತು. ಎಲ್ಲರೂ ಪೋಸ್ಟರ್ ಸುತ್ತಿಕೊಂಡು ಹೊರಟರು. ಮಹಾನಂದಾ ತನ್ನದನ್ನು ಬಿಚ್ಚಲು ಹೋದಾಗ ನೀಲಾ ಅವಳ ಕೈ ಹಿಡಿದಳು.

"ಮೊದಲಿಂದ ಹೇಳು."

"ಯಾಕ? ಎಲ್ಲಾ ಮುಗೀತಲ್ಲ."

"ಅವರಿಗೆ ಹೇಳಿದಿ. ನನಗ ಹೇಳಿಲ್ಲಲ್ಲ."

ನೀಲಾ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಮಹಾನಂದಾ ಅವಳನ್ನು ಒಂದು ಗಳಿಗೆ ನೋಡಿದಳು... ತಾನೂ ಪಕ್ಕದಲ್ಲಿ ಕುಳಿತು ಶುರು ಮಾಡಿದಳು.

"ನಮ್ಮವ್ವ ಅದಾಳಲ್ಲ..."

* * *

ಮುಂದೆ ಓಡುವ ಅವಸರದಲ್ಲಿ ನಾವು ಕಳೆದುಕೊಳ್ಳುವ ದೊಡ್ಡ ಅವಕಾಶ, ನಮ್ಮ ಪಕ್ಕದಲ್ಲೇ ಇರುವ ಮನುಷ್ಯರು.

ನಿಮ್ಮ ಮಾತನ್ನು ದಿನವೂ ಕೇಳಿಸಿಕೊಳ್ಳುವವರು ಒಬ್ಬರಿದ್ದಾರಲ್ಲ... ಅವರ ಮಾತನ್ನು ನೀವು ಕೂತು ಕೇಳಿದ್ದು ಯಾವಾಗ?