ಸಾವಧಾನ್

ಹೃದಯಾಘಾತವಾಗಿ ಹತ್ತು ದಿನ ಕಳೆದಿತ್ತು. ನಿವೃತ್ತ ಡ್ರಿಲ್ ಮೇಷ್ಟ್ರ ಹೃದಯದಲ್ಲಿ ಎಷ್ಟು ಭಾಗ ಇನ್ನೂ ಜೀವಂತವಾಗಿದೆ ಎಂದು ತಿಳಿಯದೆ ಡಾಕ್ಟರು ಆಪರೇಷನ್ನಿಗೆ ಕೈಹಾಕುವಂತಿರಲಿಲ್ಲ. ಆದರೆ ಎಂಆರ್‌ಐ ಯಂತ್ರದ ಸುರಂಗದೊಳಗೆ ಮೇಷ್ಟ್ರು ಮಿಸುಕುತ್ತಲೇ ಇದ್ದರು. ಮೂರು ಸಲ ತೆಗೆದರೂ ಚಿತ್ರ ಮಸುಕು.

“ಮನೇಲೂ ಹಿಂಗೇ. ಯಾರ ಮಾತೂ ಕೇಳಲ್ಲ,” ಎಂದಳು ಗಾಜಿನ ಈಚೆ ನಿಂತಿದ್ದ ಮಗಳು.

“ತಾಳಿ ಮೇಡಂ. ಹೈಸ್ಕೂಲಲ್ಲಿ ಇವರ ಕೈಲಿ ಏಟು ತಿಂದೋನು ನಾನು,” ಎಂದು ನಕ್ಕ ಟೆಕ್ನಿಷಿಯನ್, ಮೈಕಿಗೆ ಬಾಗಿ ಗುಡುಗಿದ: “ಸಾವಧಾನ್!”

ಮೇಷ್ಟ್ರು ಕಲ್ಲಾದರು. ಉಸಿರು ಹಿಡಿಯಲು ಹೇಳಿದಾಗ ಹಿಡಿದರು, ಬಿಡಲು ಹೇಳಿದಾಗ ಬಿಟ್ಟರು. ಚಿತ್ರಗಳು ಕನ್ನಡಿಯಷ್ಟು ಸ್ಪಷ್ಟವಾಗಿ ಬಂದವು.

“ಮುಗೀತು ಸಾರ್, ಏಳಿ.”

ಮಂಚ ಹೊರಗೆ ಜಾರಿತು. ಮೇಷ್ಟ್ರು ಏಳಲಿಲ್ಲ. ಕಣ್ಣು ಛಾವಣಿಯಲ್ಲಿ ನೆಟ್ಟಿತ್ತು, ಕೈಗಳು ತೊಡೆಗೆ ಅಂಟಿದ್ದವು.

“ಅಪ್ಪಾ!” ಮಗಳು ಗಾಜು ಬಡಿದಳು. “ಅಯ್ಯೋ, ಏನಾಯ್ತ್ರೀ ಅವರಿಗೆ?”

ಟೆಕ್ನಿಷಿಯನ್ ಒಳಗೆ ಓಡಿ, ಮೇಷ್ಟ್ರ ನಾಡಿ ಹುಡುಕಿದ. “ಸಾರ್... ಸಾರ್, ಕೇಳಿಸ್ತಿದೆಯಾ?”

ಮೇಷ್ಟ್ರ ತುಟಿ ಮಾತ್ರ ಅಲುಗಿತು.

“ವಿಶ್ರಾಮ್ ಹೇಳೋದು ಯಾರೋ, ನಿಮ್ಮಪ್ಪನಾ?”