ರಾಜಧಾನಿಯ ಪಾಯ

ಗುದ್ದಲಿ ಠಣ್ ಎಂದಾಗ ಇಂಜಿನಿಯರಮ್ಮ ಓಣಿಗೆ ಹಾಕಲು ತಂದ ನೀರಿನ ಪೈಪಿನ ಮೇಲೆ ಕುಳಿತು ಮಂಡಿ ಒತ್ತಿಕೊಳ್ಳುತ್ತಿದ್ದಳು. ಅಡ್ಡ ಬಂಡೆ ಸಿಕ್ಕಿರಬೇಕು, ಇವತ್ತಿನ ಕೆಲಸ ಕೆಟ್ಟಿತು ಎಂದುಕೊಂಡಳು. ಗುಂಡಿಯೊಳಗಿನಿಂದ ಮೇಸ್ತ್ರಿ ಕತ್ತೆತ್ತಿದ.

"ಬಂಡೆ ಅಲ್ಲಮ್ಮಾ, ಕಟ್ಟಿರೋ ಕಲ್ಲು. ಸಾಲಾಗಿ ಆ ಕಡೆಗೆ ಹೋಗಿದೆ, ನೀವೇ ಇಳಿದು ನೋಡಿ."

ಅವಳು ಏಣಿ ಹಿಡಿದು ಇಳಿದಳು. ಮೇಲೆ ಟಾರು, ಟಾರಿನ ಮೇಲೆ ಟಾರು, ಒಂದೊಂದು ಚುನಾವಣೆಗೆ ಒಂದೊಂದು. ಅದರಡಿ ಕುದುರೆಗಾಡಿ ಓಡಿದ ಕಾಲದ ಜಲ್ಲಿ. ಆಮೇಲೆ ಕಪ್ಪು ಬೂದಿ: ಶತ್ರುಗಳು ಊರಿಗೆ ಬೆಂಕಿಯಿಟ್ಟದ್ದು. ಅದರ ಕೆಳಗೆ ಬರೀ ಮರಳು: ಆಸ್ಥಾನ ಬೇರೆ ಊರಿಗೆ ಗಂಟುಮೂಟೆ ಕಟ್ಟಿದ ಮೇಲೆ ನದಿ ಬೀದಿಯೊಳಕ್ಕೇ ಬಂದು ಮಲಗಿದ್ದು. ಮರಳಿನಡಿ ಕೆಂಪು ಇಟ್ಟಿಗೆ, ಈ ರಾಜಧಾನಿಯನ್ನು ಸ್ಥಾಪಿಸಿದನೆಂದು ಶಾಲೆಯಲ್ಲಿ ಕಲಿಸುವ ದೊರೆಯದು. ಇದನ್ನೆಲ್ಲ ಅವಳು ಓದಿ ತಿಳಿದದ್ದಲ್ಲ. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಊರಿನ ಚರಿತ್ರೆ ಇಟ್ಟಿಗೆಯಿಂದ ಶುರು. ಕಲ್ಲಿನ ಸಾಲು ಇದ್ದದ್ದು ಇಟ್ಟಿಗೆಗಿಂತಲೂ ಕೆಳಗೆ.

ಅವಳ ಗಂಡ ಪುರಾತತ್ವ ಇಲಾಖೆಯವನು. ದೊರೆ ಬರುವ ಮೊದಲೇ ಇಲ್ಲಿ ಊರಿತ್ತು, ಅವನು ಬಂದದ್ದು ಯಾರೋ ಕಟ್ಟಿದ ಮನೆಗೆ ಎಂದು ವಾದಿಸುತ್ತಲೇ ತಲೆ ನರೆಸಿಕೊಂಡವನು. ಅಗೆದಲ್ಲೆಲ್ಲ ಅವನಿಗೆ ಸಿಕ್ಕದ್ದು ಮಣ್ಣು. ಕಚೇರಿಯಲ್ಲಿ ಬೆನ್ನ ಹಿಂದೆ ಅವನನ್ನು 'ಪಾಯದಪ್ಪ' ಎನ್ನುತ್ತಿದ್ದರು, ಈಚೀಚೆಗೆ ಎದುರಿಗೇ. ತಿಂಗಳ ಕೊನೆಗೆ ನಿವೃತ್ತಿ.

"ಮುಚ್ಚಿಬಿಡೋಣಮ್ಮಾ," ಮೇಸ್ತ್ರಿ ದನಿ ತಗ್ಗಿಸಿದ. "ಸಾಹೇಬ್ರ ಇಲಾಖೆಗೆ ಗೊತ್ತಾದ್ರೆ ಕೆಲಸ ನಿಂತಂಗೇ. ಮಾರ್ಕೆಟ್ ರಸ್ತೆ ಗುಂಡಿ ನೋಡಿದ್ದೀರಲ್ಲ, ಇನ್ನೂ ಬಾಯಿ ತಕ್ಕೊಂಡು ಬಿದ್ದಿದೆ."

ಮೇಲೆ ಓಣಿಯ ಹೆಂಗಸರು ಇಣುಕುತ್ತಿದ್ದರು. ಬೇಸಿಗೆಯಿಡೀ ಇವರ ನಲ್ಲಿಗಳು ಗಾಳಿ ಊದಿದ್ದವು. ಟ್ಯಾಂಕರ್ ಬಂದರೆ ಜಗಳ, ಬರದಿದ್ದರೆ ಶಾಪ. ಮೂಲೆಮನೆಯ ದರ್ಜಿ ಹೆಂಗಸು ಟ್ಯಾಂಕರಿನ ನೂಕುನುಗ್ಗಲಲ್ಲಿ ಬಿದ್ದು ಕಾಲು ಮುರಿದುಕೊಂಡು, ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದಿಸಿ ಕೂತಿದ್ದಳು. ಇಂಜಿನಿಯರಮ್ಮನಿಗೆ ಒಮ್ಮೆಲೇ ಸುಸ್ತೆನಿಸಿತು. ಹೇಳದೆ ಮುಚ್ಚಿದರೆ ಭಾರ ತನ್ನ ತಲೆಗೆ, ಹೇಳಿದರೆ ಗಂಡನ ತಲೆಗೆ. ಅಲ್ಲೇ ನಿಂತು ಫೋನ್ ಮಾಡಿದಳು.

"ಊಟದ ಡಬ್ಬಿ ಮರೆತ್ಯಾ?" ಎಂದ ಅವನು.

"ಇಲ್ಲ. ಬೇಗ ಬನ್ನಿ. ಓಣಿ ಗುಂಡೀಲಿ ಏನೋ ಸಿಕ್ಕಿದೆ. ಇಟ್ಟಿಗೆ ಕೆಳಗೆ."

ಆ ಕಡೆ ಕುರ್ಚಿ ಸರಿದದ್ದು ಕೇಳಿಸಿತು.

ಬಂದವನು ಅವಳ ಮುಖವನ್ನೂ ನೋಡದೆ ಇಳಿದ. ಮಂಡಿಯೂರಿ, ಬಲ ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹಾಗೇ ಸಾಲಿನುದ್ದಕ್ಕೂ ಸವರುತ್ತ ಹೋದ. ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂಡಿಸಿದ ಕೆಲಸ. ಮೇಸ್ತ್ರಿ ಬೀಡಿ ಹಚ್ಚಲು ಹೋಗಿ ಯಾಕೋ ಕಿವಿಗೆ ಸಿಕ್ಕಿಸಿಕೊಂಡ.

"ನೀವು ಹೇಳ್ತಿದ್ದದ್ದೇನಾ ಇದು?" ಅವಳು ಮೆಲ್ಲಗೆ ಕೇಳಿದಳು.

"ಹ್ಞೂಂ. ಅದೇ." ಅವನು ಕಲ್ಲಿನಿಂದ ಕೈ ತೆಗೆಯಲಿಲ್ಲ. "ದೊರೆ ಅಪ್ಪನ ಅಜ್ಜನೂ ಹುಟ್ಟಿರ್ಲಿಲ್ಲ ಕಣೇ, ಇದನ್ನ ಕಟ್ಟಿದಾಗ."

ಮೇಲಿನಿಂದ ಒಬ್ಬಳು ತಾಳ್ಮೆಗೆಟ್ಟು ಕೂಗಿದಳು: "ಏನ್ ಸಾಹೇಬ್ರೇ, ಇದನ್ನೂ ನಿಲ್ಲಿಸ್ತೀರಾ? ಹಂಗಾದ್ರೆ ಈಗ್ಲೇ ಹೇಳ್ಬಿಡಿ, ನಾವು ಮನೆ ಖಾಲಿ ಮಾಡ್ತೀವಿ."

ಅವನು ಕತ್ತೆತ್ತಿ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಅವಳೂ ನೋಡಿದಳು, ಗಂಡನ ಮುಖವನ್ನು. ಅಲ್ಲಿ ಸಿಟ್ಟಿರಲಿಲ್ಲ, ಸಂತೋಷ ಆಗಲೇ ಇಳಿದುಹೋಗಿತ್ತು.

"ಹಳೇ ಚರಂಡಿ ತಾಯಿ," ಎಂದ ಅವನು. "ಬರೀ ಹಳೇ ಚರಂಡಿ."

ಹೆಂಗಸರು ಗಲಗಲ ಮಾತಾಡುತ್ತ ಚದುರಿದರು. ಅವನು ಹೆಂಡತಿಯ ಕಡೆ ಬಾಗಿದ. "ಕಲ್ಲಿಗೆ ತಾಗಿಸ್ಬೇಡ. ಮರಳು ಹಾಕಿ, ಒಂದು ಗೇಣು ಮೇಲೆ ಪೈಪು ಕೂರಿಸು."

"ಬೇಕಾದ್ರೆ ನಾಳೆವರೆಗೆ ಕೆಲಸ ನಿಲ್ಲಿಸ್ತೀನಿ. ಒಂದು ಫೋಟೋನಾದ್ರೂ..."

"ಫೋಟೋ ಇದ್ರೆ ಯಾರಿಗೂ ತೋರಿಸದೆ ತಡಕೊಳ್ಳೋಕೆ ನನಗಾಗಲ್ಲ." ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. "ಇಷ್ಟು ಕಾಲ ಒಳಗೇ ಇತ್ತಲ್ಲ. ಇನ್ನಷ್ಟು ಕಾಲ ಇರುತ್ತೆ ಬಿಡು."

ಮಧ್ಯಾಹ್ನದೊಳಗೆ ಪೈಪು ಕೂತಿತು, ಗುಂಡಿ ಮುಚ್ಚಿತು. ಸಂಜೆ ನೀರು ಬಿಟ್ಟಾಗ ನಲ್ಲಿಗಳು ಮೊದಲು ಕೆಮ್ಮಿ, ಕೆಂಪಗೆ ಉಗುಳಿ, ಆಮೇಲೆ ತಿಳಿಯಾದವು. ಓಣಿಯವರು ಇಂಜಿನಿಯರಮ್ಮನ ಕೈ ಹಿಡಿದು ಕುಲುಕಿದರು. ಅವಳಿಗೆ ನಗಲು ಬರಲಿಲ್ಲ.

ಮನೆಗೆ ಬಂದಾಗ ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅವಳು ತಟ್ಟೆ ಇಟ್ಟು ಬಡಿಸಿದಳು.

"ಕೈ ತೊಳ್ಕೊಂಡು ಬನ್ನಿ, ಆರಿಹೋಗುತ್ತೆ."

"ಒಂದು ಚಮಚ ಕೊಡ್ತೀಯಾ?" ಎಂದ.

ಎಡಗೈಯಲ್ಲಿ ಚಮಚ ಹಿಡಿದು, ಚೆಲ್ಲಿಕೊಳ್ಳುತ್ತ, ಅವನು ನಿಧಾನವಾಗಿ ಉಂಡ. ಬಲಗೈ ತೊಡೆಯ ಮೇಲೆ ಅಂಗಾತ ತೆರೆದುಕೊಂಡಿತ್ತು. ಅದರ ಗೆರೆಗಳಲ್ಲಿ ಆ ಕಲ್ಲಿನ ಮಣ್ಣು ಒಣಗಿ ಸಣ್ಣಗೆ ಬಿರಿಯತೊಡಗಿತ್ತು.