ತೋಫು ಅಜ್ಜಿಯ ಸಾವು

ಟಿ.ವಿ.ಯ ಕಾರ್ಟೂನ್ ಧಾರಾವಾಹಿಯ ಐದನೆಯ ಕಂತಿನಲ್ಲಿ ತೊಕುಜಿಯ ಮೀನಂಗಡಿಯ ಮುಂದೆ ಮೂವರು ಸತ್ತರು. ಆ ಭಾನುವಾರವೇ ಅಲ್ಲಿ ಜನ ಸಾಲುಗಟ್ಟಿದರು. ಟೋಕಿಯೊದಿಂದ ರೈಲು ಹತ್ತಿ ಬಂದ ಹುಡುಗ ಹುಡುಗಿಯರು, ಅನಿಮೆಯಲ್ಲಿ ರಕ್ತ ಹರಿದಿದ್ದ ಚರಂಡಿಯ ಪಕ್ಕದಲ್ಲೇ ಸತ್ತವರಂತೆ ಮಲಗಿ ಫೋಟೊ ತೆಗೆಸಿಕೊಂಡರು. ಆಮೇಲೆ ಎದ್ದು, ಬಟ್ಟೆ ಕೊಡವಿ, ಸುಟ್ಟ ಮೀನು ಕೊಂಡು ತಿಂದರು.

ಪಕ್ಕದ ತೋಫು ಅಂಗಡಿಯ ಫುಸಾಯೊ ಹೊಸ್ತಿಲಲ್ಲಿ ನಿಂತು ನೋಡಿದಳು. ಒಂದು ಬೀದಿಯಲ್ಲಿ ಸಿಕ್ಕಿಬಿದ್ದ ಜನ ಒಬ್ಬರನ್ನೊಬ್ಬರು ಕೊಂದು, ಕೊನೆಗೆ ಉಳಿದವನೊಬ್ಬ ಮನೆಗೆ ಹೋಗುವ ಆಟವೇ ಆ ಅನಿಮೆಯ ಕಥೆ. ಅನಿಮೆ ಮಾಡಿದವರು ಈ ಊರಿನ ಅಂಗಡಿ ಬೀದಿಯನ್ನೇ ಒಂದು ಹೆಂಚೂ ತಪ್ಪದಂತೆ ಬರೆದುಕೊಂಡಿದ್ದರು. ಅವಳ ಅಂಗಡಿಯೂ ಅದರಲ್ಲಿತ್ತು. ಆದರೆ ಷಟರ್ ಎಳೆದಿತ್ತು.

"ಕ್ಷೌರದಂಗಡೀಲಿ ಸತ್ರು, ಅಂಚೆ ಕಚೇರೀಲಿ ಸತ್ರು. ನನ್ನ ಬಾಗಿಲಲ್ಲಿ ಒಂದು ನಾಯೀನೂ ಸಾಯ್ಲಿಲ್ಲ," ಎಂದಳು.

"ಅದಕ್ಕೂ ಯೋಗ ಬೇಕು ಅಕ್ಕಾ," ಎಂದ ತೊಕುಜಿ, ಮೀನು ಮಗುಚುತ್ತ.

ಫುಸಾಯೊಳ ವ್ಯಾಪಾರ ಆಗಲೇ ನೆಲಕಚ್ಚಿತ್ತು. ವರ್ಷದೊಳಗೆ ನಿಜವಾಗಿಯೂ ಷಟರ್ ಎಳೆಯಬೇಕಾದ ಸ್ಥಿತಿ. ಹಾಗಾಗಿ ಅನಿಮೆಯ ಎರಡನೆಯ ಭಾಗಕ್ಕೆ ಬೀದಿ ನೋಡಲು ಅದರ ಕಥೆಗಾರ ಮುರೊಗಾ ಬಂದಾಗ, ತೋಳು ಹಿಡಿದು ಅಂಗಡಿಯೊಳಗೆ ಎಳೆದುಕೊಂಡಳು. ಟೀ ಕೊಟ್ಟಳು. ತೋಫು ಕೊಡಲಿಲ್ಲ, ಅದು ಮಾರುವ ವಸ್ತು.

"ಸಾರ್, ನಮ್ಮಲ್ಲೂ ಯಾರನ್ನಾದ್ರೂ ಸಾಯಿಸಿ."

ಮುರೊಗಾ ಕೆಮ್ಮಿದ. "ತೋಫು ಅಂಗಡೀಲಿ ಸಾವು ಅಂದ್ರೆ ಯಾರಿಗೂ ಭಯ ಆಗಲ್ಲಮ್ಮ. ಎಲ್ಲ ಮೆತ್ತಗೆ, ಬೆಳ್ಳಗೆ."

"ಭಯ ಹುಟ್ಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ. ಮುಂದೆ ಯಾರು ಅಂತ ಗೊತ್ತೇ ಆಗಲ್ಲ, ನಾನು ದಿಂಬು ಕಚ್ಕೊಂಡು ನೋಡಿದೀನಿ. ಆದ್ರೆ ಸತ್ತೋರು ಯಾರು ಅಂತಾನೂ ಗೊತ್ತಾಗಲ್ಲವಲ್ಲ! ಹೆಸರು ಕೇಳೋದ್ರೊಳಗೆ ತಲೆ ಉರುಳಿರತ್ತೆ. ಅಳೋದು ಯಾರಿಗೋಸ್ಕರ? ಆಟದ ನಿಯಮ ಅಂತೂ ವಾರಕ್ಕೊಂದು. ಸಾಯೋರನ್ನ ಮೊದಲು ಒಂದಷ್ಟು ದಿನ ನಮ್ಮ ಜೊತೆ ಬಿಡಿ, ಅವರು ತಿನ್ನೋದು, ಬೈಯೋದು ನೋಡೋಣ. ಆಮೇಲೆ ಸಾಯಿಸಿ."

ಮುರೊಗಾ ಅವಳ ಮುಖವನ್ನೇ ನೋಡುತ್ತ ಕೂತ. ಗಲ್ಲದ ಮೇಲಿನ ಮಚ್ಚೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಂತೆ ಅವಳಿಗನಿಸಿತು.

ಎರಡನೆಯ ಭಾಗದ ಮೊದಲ ಕಂತಿನಲ್ಲೇ ತೋಫು ಅಂಗಡಿಯ ಷಟರ್ ಮೇಲೆದ್ದಿತು. ಒಳಗೊಬ್ಬಳು ಅಜ್ಜಿ, ಗಲ್ಲದಲ್ಲಿ ಮಚ್ಚೆ. ಕತ್ತಿ ಹಿಡಿದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಬಂದವರನ್ನು ಬೈದು, ಕೂರಿಸಿ, ಬಿಸಿ ತೋಫು ಬಡಿಸುತ್ತಿದ್ದಳು. ವಾರ ವಾರವೂ ಬಡಿಸಿದಳು. ದೇಶವೆಲ್ಲ ಅವಳನ್ನು ಹಚ್ಚಿಕೊಂಡಿತು. ಫುಸಾಯೊ ತಲೆಗೂದಲಿಗೆ ಬಣ್ಣ ಹಾಕಿಸಿಕೊಂಡಳು.

ಹತ್ತನೆಯ ಕಂತಿನ ದಿನ ಅವಳೂ ತೊಕುಜಿಯೂ ಒಟ್ಟಿಗೆ ಟಿ.ವಿ. ಮುಂದೆ ಕೂತರು. ಆ ವಾರದ ಹೊಸ ನಿಯಮ ಕೇಳಿಬಂತು: ಎದುರಾಳಿಗೆ ಅನ್ನ ಹಾಕಿದವರು ಸಾಯತಕ್ಕದ್ದು. ಹಸಿದ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಅಜ್ಜಿ ತಟ್ಟೆ ಕೈಗೆತ್ತಿಕೊಂಡಳು.

"ಕೊಡಬೇಡ್ವೇ! ಕೊಟ್ಟರೆ ಸಾಯ್ತೀಯ!" ಎಂದು ಫುಸಾಯೊ ಎದ್ದುನಿಂತು ಕೂಗಿದಳು.

"ನೀನಾಗಿದ್ರೆ ನೂರು ವರ್ಷ ಬದುಕ್ತಿದ್ದೆ ಅಕ್ಕಾ," ಎಂದ ತೊಕುಜಿ. ಆದರೆ ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಅಜ್ಜಿ ಕೊಟ್ಟಳು. ಸತ್ತಳು.

ಭಾನುವಾರ ಫುಸಾಯೊ ಬೆಳಕು ಹರಿಯುವ ಮೊದಲೇ ಎದ್ದು, ಎಂದೂ ಮಾಡದಷ್ಟು ತೋಫು ಮಾಡಿ ತೊಟ್ಟಿಯ ನೀರಿಗೆ ಇಳಿಸಿದಳು. ಷಟರ್ ಎತ್ತಿದರೆ ಸಾಲು ರೈಲು ನಿಲ್ದಾಣ ಮುಟ್ಟಿತ್ತು. ಎಲ್ಲರೂ ಕಪ್ಪು ಬಟ್ಟೆ ತೊಟ್ಟಿದ್ದರು. ಕೈಯಲ್ಲಿ ಬಿಳಿ ಸೇವಂತಿಗೆ. ಅಂಗಡಿಯ ಗೋಡೆಗೆ ಯಾರೋ ಅಜ್ಜಿಯ ಚಿತ್ರ ಒರಗಿಸಿ ಊದುಕಡ್ಡಿ ಹಚ್ಚಿದ್ದರು.

"ಬನ್ನಿ ಬನ್ನಿ!" ಎಂದಳು ಫುಸಾಯೊ.

ಸಾಲಿನುದ್ದಕ್ಕೂ ಒಂದು ನಡುಕ ಹರಿಯಿತು. ಮುಂದಿದ್ದ ಹುಡುಗಿ ಅವಳ ಗಲ್ಲ ನೋಡಿ, ಅಲ್ಲೇ ಕುಸಿದು ಬಿಕ್ಕಿದಳು. "ಅಜ್ಜೀ, ಯಾಕೆ ಕೊಟ್ರಿ? ಸಾಯ್ತೀರಿ ಅಂತ ಗೊತ್ತಿದ್ದೂ ಯಾಕೆ ಕೊಟ್ರಿ?"

"ನಾನೆಲ್ಲಮ್ಮಾ ಕೊಟ್ಟೆ?" ಎಂದಳು ಫುಸಾಯೊ ಗಾಬರಿಯಾಗಿ. ಅದು ಸತ್ಯವೇ ಆಗಿತ್ತು.

ಯಾರೂ ತೋಫು ಕೇಳಲಿಲ್ಲ. ಸತ್ತ ಮನೆಯಲ್ಲಿ ವ್ಯಾಪಾರದ ಮಾತಾಡಲು ಯಾರಿಗೂ ಬಾಯಿ ಬರಲಿಲ್ಲ. ತೊಕುಜಿ ಪಕ್ಕದಿಂದ ಕತ್ತು ಚಾಚಿ, "ಒಳಗೆ ಹೋಗು ಅಕ್ಕಾ," ಎಂದು ಪಿಸುಗುಟ್ಟಿದ. "ನೀನು ಹೀಗೆ ಬದುಕಿ ನಿಂತ್ಕೊಂಡ್ರೆ ಪಾಪ ಅವರಿಗೆ ಅಳೋಕಾಗ್ತಿಲ್ಲ. ನೈವೇದ್ಯಕ್ಕೆ ಅಂತ ನಾನು ಮಾರಿಕೊಡ್ತೀನಿ."

ಹೋಗಬೇಕೆಂದೇ ತಿರುಗಿದಳು. ಅಷ್ಟರಲ್ಲಿ ಸಾಲಿಗೆ ಸಾಲೇ ತಲೆ ತಗ್ಗಿಸಿ ಕೈಮುಗಿಯಿತು. ಇಷ್ಟು ಜನ ಕೈಮುಗಿದಿರುವಾಗ ತಾನೊಬ್ಬಳು ಬೆನ್ನು ತಿರುಗಿಸುವುದು ಮರ್ಯಾದೆಯಲ್ಲವೆಂದು, ಫುಸಾಯೊ ಏಪ್ರನ್ನಿಗೆ ಕೈ ಒರೆಸಿಕೊಂಡು ಹುಡುಗಿಯ ಪಕ್ಕದಲ್ಲಿ ನಿಂತಳು. ಚಿತ್ರದ ಎದುರು ಕಣ್ಣುಮುಚ್ಚಿ ಕೈಜೋಡಿಸಿದಳು.

"ಪಾಪ, ಒಳ್ಳೇ ಹೆಂಗಸು," ಎಂದಳು.